ಗಾಳದ ಹುಸಿ ಎರೆ: ಸಾಮಗ್ರಿ ಹೊಂದಿಸಿಕೊಳ್ಳುವ ಬಗೆ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೇಸಾಯಶಾಸ್ತ್ರದ ಮೇಷ್ಟ್ರು ಗಾಳದ ವಿಷಯ ಮಾತನಾಡುವುದೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಗೊಬ್ಬರ, ಬಿತ್ತನೆ, ಕಳೆ ಇವುಗಳ ಬಗ್ಗೆ ಮಾತನಾಡುವವನು ನಾನು. ಆದರೆ ಈಗ ಹೊಲದಲ್ಲಿ ಕೃಷಿ ಹೊಂಡ ಬಂದಿದೆ, ಹೊಂಡದಲ್ಲಿ ಮೀನು ಬಂದಿದೆ. ಮೀನಿನ ಹಿಂದೆಯೇ ಮೀನು ತಿನ್ನುವ ಮೀನೂ ಬಂದಿದೆ. ಅದನ್ನು ತೆಗೆಯಲು ನಮ್ಮ ಜನ ಹಿಡಿದಿರುವ ದಾರಿಗಳು ಹೊಲಕ್ಕೂ ಒಳ್ಳೆಯದಲ್ಲ, ಮನೆಗೂ ಒಳ್ಳೆಯದಲ್ಲ. ಆದ್ದರಿಂದ ಇದು ನನ್ನ ವಿಷಯವೂ ಹೌದು.

ನೀವು ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳನ್ನು ತಂದು ಬಿಡುತ್ತೀರಿ. ಮಳೆಗಾಲದಲ್ಲಿ ಕಾಲುವೆಯ ನೀರಿನ ಜೊತೆಗೆ ಕೊರವ ಮೀನು ಒಳಗೆ ಸೇರುತ್ತದೆ. ಇದನ್ನೇ ಕೆಲವು ಕಡೆ ಕುಚ್ಚು ಎಂತಲೂ ಮುರ್ರೆಲ್ ಎಂತಲೂ ಕರೆಯುತ್ತಾರೆ. ಇದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಮೀನು. ಹೊಂಡ ಒಣಗಿದರೆ ಕೆಸರಿನೊಳಗೆ ಹುದುಗಿ ಬದುಕುತ್ತದೆ. ಮಳೆ ಬಿದ್ದ ರಾತ್ರಿ ಒದ್ದೆ ನೆಲದ ಮೇಲೆ ತೆವಳಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಹೀಗೆ ಬಂದ ನಾಲ್ಕಾರು ಕೊರವಗಳು ಸಾಕು, ನೀವು ಹಣ ಕೊಟ್ಟು ತಂದ ಮರಿಗಳನ್ನು ನುಂಗಿ ಮುಗಿಸುತ್ತವೆ.

ಮರಿ ಬಿಡುವ ಮೊದಲಾದರೆ ಇದಕ್ಕೆ ಮದ್ದು ಇದೆ. ಇಪ್ಪೆ ಹಿಂಡಿಯನ್ನು 100 ಘನ ಮೀಟರ್ ನೀರಿಗೆ 25 ಕಿಲೋದಂತೆ ಹಾಕಿದರೆ ಇರುವ ಮೀನೆಲ್ಲ ಸಾಯುತ್ತದೆ. ಎರಡು ಮೂರು ವಾರ ಬಿಟ್ಟರೆ ಅದೇ ಹಿಂಡಿ ಗೊಬ್ಬರವಾಗುತ್ತದೆ. ಆದರೆ ಗೆಂಡೆ ಮರಿ ಬಿಟ್ಟ ಮೇಲೆ ಇದನ್ನು ಹಾಕುವಂತಿಲ್ಲ. ಹಾಕಿದರೆ ಕಳ್ಳನ ಜೊತೆಗೆ ಮನೆಯವರೂ ಹೋಗುತ್ತಾರೆ. ಆಗ ಕೆಲವರು ಬೆಳೆಗೆ ತಂದ ಕೀಟನಾಶಕದ ಡಬ್ಬಿಯನ್ನೇ ನೀರಿಗೆ ಬಗ್ಗಿಸುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ನಾನು ಹುಟ್ಟಿ ಬೆಳೆದ ಊರಿನಲ್ಲೇ ಹೀಗೆ ಮಾಡಿದ ಹೊಂಡದ ನೀರು ಕುಡಿದು ಎರಡು ಕರುಗಳು ಸತ್ತದ್ದನ್ನು ಕಂಡಿದ್ದೇನೆ. ಆ ಮನೆಯಲ್ಲಿ ಹಾಲು ಕೊಡುವ ಹಸು ಇದ್ದದ್ದು ಒಂದೇ, ಅದನ್ನು ಬೇರೆ ಕಡೆ ಕಟ್ಟಿದ್ದರಿಂದ ಉಳಿಯಿತು. ವಿಷ ಹಾಕಿ, ಮದ್ದು ಸಿಡಿಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ ಎಂಬುದನ್ನು ನೆನಪಿಡಬೇಕು.

ಇನ್ನೊಂದು ದಾರಿ ಗಾಳ. ಕೊರವ ಹಿಡಿಯುವವರು ಗಾಳಕ್ಕೆ ಜೀವಂತ ಕಪ್ಪೆ ಚುಚ್ಚುವುದು ರೂಢಿ. ಇಲ್ಲಿ ಬೇಸಾಯಶಾಸ್ತ್ರ ಬರುತ್ತದೆ. ಬತ್ತದ ಗದ್ದೆಯಲ್ಲಿ ಕೂಲಿ ಕೇಳದೆ ಹುಳು ತಿನ್ನುವ ಆಳು ಕಪ್ಪೆ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಯ ಕಾಲು ಹೊರದೇಶಗಳಿಗೆ ಹೋಗುತ್ತಿತ್ತು. 1987ರಲ್ಲಿ ಸರಕಾರ ಆ ರಫ್ತನ್ನು ನಿಲ್ಲಿಸಿತು. ರಫ್ತು ನಿಂತ ಮೇಲೆ ನಾವು ಗಾಳಕ್ಕಾಗಿ ಗದ್ದೆ ಬದುವಿನ ಕಪ್ಪೆ ಹಿಡಿಯುತ್ತ ಹೋದರೆ ಏನು ಲಾಭ? ಅದರ ಬದಲಿಗೆ ಕಪ್ಪೆಯಂತೆ, ಮರಿ ಮೀನಿನಂತೆ ಕಾಣುವ ಹುಸಿ ಎರೆಯನ್ನು ನಾವೇ ಮಾಡಿಕೊಳ್ಳಬಹುದು. ಪೇಟೆಯವರು ಇದನ್ನು ಲೂರ್ ಎನ್ನುತ್ತಾರೆ.

ಹುಸಿ ಎರೆಯ ದೊಡ್ಡ ಗುಣ ಒಂದಿದೆ. ಕಾಟ್ಲ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ಮೃಗಾಲ್ ತಳದ ಕೊಳೆತ ಪದಾರ್ಥ ತಿನ್ನುತ್ತದೆ. ಓಡುವ ಮೀನನ್ನು ಅವು ಅಟ್ಟಿಸಿಕೊಂಡು ಹೋಗುವುದಿಲ್ಲ. ಕೊರವ, ಬಾಳೆ ಮೀನು, ಸಾಕಣೆಗೆ ನಿಷೇಧವಿದ್ದರೂ ಕೆರೆಗಳಿಗೆ ನುಗ್ಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬೆನ್ನಟ್ಟಿ ಕಚ್ಚುತ್ತವೆ. ಹಾಗಾಗಿ ಇದು ಕಳೆ ಮಾತ್ರ ಕೀಳುವ ಕೈ ಕುಡುಗೋಲಿನಂತೆ. ಅಲ್ಲದೆ ಪೇಟೆಯಲ್ಲಿ ಕೊರವಕ್ಕೆ ಗೆಂಡೆಗಿಂತ ಹೆಚ್ಚಿನ ಬೆಲೆ ಇದೆ.

ಮೊದಲು ನೋಡುವುದು, ಆಮೇಲೆ ಕೆತ್ತುವುದು

ಫಿನ್‌ಲೆಂಡ್ ದೇಶದಲ್ಲಿ ಲೌರಿ ರಾಪಾಲ ಎಂಬಾತ ಮೀನು ಹಿಡಿದು ಸಂಸಾರ ನಡೆಸುತ್ತಿದ್ದ. ದೊಡ್ಡ ಮೀನುಗಳು ಮರಿಗಳ ಗುಂಪಿನಲ್ಲಿ ಸರಿಯಾಗಿ ಈಜುವ ಮರಿಗಳನ್ನು ಬಿಟ್ಟು, ಗಾಯಗೊಂಡು ಓಲಾಡುತ್ತ ಈಜುವ ಒಂದನ್ನೇ ಹಿಡಿಯುವುದನ್ನು ಆತ ಗಮನಿಸಿದ. 1936ರಲ್ಲಿ ಬೆಂಡನ್ನು ಕೆತ್ತಿ, ಚಾಕೊಲೇಟಿನ ಹೊದಿಕೆಯ ತವರದ ಹಾಳೆ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಸವರಿ ತನ್ನ ಮೊದಲ ಹುಸಿ ಮೀನು ಮಾಡಿದ. ಇಂದು ಅವನ ಹೆಸರಿನ ಎರೆಗಳು ಲೋಕದ ಎಲ್ಲ ಕಡೆ ಮಾರಾಟವಾಗುತ್ತವೆ. ಇದರಿಂದ ನಾವು ಕಲಿಯಬೇಕಾದದ್ದು ಎರಡು. ಒಂದು, ಬಣ್ಣಕ್ಕಿಂತ ಓಲಾಟ ಮುಖ್ಯ. ಎರಡು, ಸಾಮಗ್ರಿ ದುಬಾರಿಯಾಗಿರಬೇಕೆಂದಿಲ್ಲ.

ಸಾಮಗ್ರಿಗಳನ್ನು ಮೂರು ಕಡೆಯಿಂದ ಹೊಂದಿಸಬಹುದು: ಹೊಲದಿಂದ, ಮನೆಯ ಗುಜರಿಯಿಂದ, ಪೇಟೆಯಿಂದ. ಪೇಟೆಯದನ್ನು ಮೊದಲು ತರಬೇಕು. ಏಕೆಂದರೆ ಎರೆಯ ಮೈಯನ್ನು ಗಾಳಕ್ಕೆ ತಕ್ಕಂತೆ ಕೆತ್ತಬಹುದು, ಗಾಳವನ್ನು ಮೈಗೆ ತಕ್ಕಂತೆ ಹಿಗ್ಗಿಸಲಾಗದು.

ಪೇಟೆಯಿಂದ ತರಬೇಕಾದದ್ದು

ಗಾಳದ ಕೊಕ್ಕೆಯನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬಾರದು. ಉಕ್ಕಿಗೆ ಹದ ಕೊಡುವ ಕೆಲಸ ಅದು. ಹದ ಕಡಿಮೆಯಾದರೆ ಕೊಕ್ಕೆ ನೇರವಾಗುತ್ತದೆ, ಹೆಚ್ಚಾದರೆ ಮುರಿಯುತ್ತದೆ. ಮಲ್ಪೆ, ಮಂಗಳೂರು, ಕಾರವಾರಗಳಂತಹ ಬಂದರು ಊರುಗಳಲ್ಲಿ ಬಲೆ ಮತ್ತು ಗಾಳ ಮಾರುವ ಅಂಗಡಿಗಳಿವೆ. ಬೆಂಗಳೂರಿನಲ್ಲೂ ಸಿಗುತ್ತವೆ. ಕೊಕ್ಕೆಗಳನ್ನು 100ರ ಪೆಟ್ಟಿಗೆಯಲ್ಲಿ ಕೊಂಡರೆ ಅಗ್ಗ. ಆದ್ದರಿಂದ ಐದಾರು ಮಂದಿ ಸೇರಿ ಒಂದು ಪೆಟ್ಟಿಗೆ ತರಿಸಿ ಹಂಚಿಕೊಳ್ಳುವುದು ಲೇಸು.

ಕೊಕ್ಕೆಯ ನಂಬರು ಹೊಸಬರಿಗೆ ಗೊಂದಲ ಉಂಟುಮಾಡುತ್ತದೆ. 12ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. ಅಲ್ಲಿಂದ ಮುಂದೆ 1/0, 2/0, 3/0 ಎಂದು ಸಂಖ್ಯೆ ಏರಿದಂತೆ ಕೊಕ್ಕೆಯೂ ದೊಡ್ಡದಾಗುತ್ತದೆ. ಕೊರವಕ್ಕೆ ಮಾಡುವ ಕಪ್ಪೆ ಎರೆಗೆ 2/0 ಅಥವಾ 3/0ರ ಒಂಟಿ ಕೊಕ್ಕೆ ಸಾಕು. ಮರದ ಮೀನಿಗೆ 6 ಅಥವಾ 4ನೇ ನಂಬರಿನ ಮೂರು ಮೊನೆಯ ಕೊಕ್ಕೆ ಹೊಂದುತ್ತದೆ. ಕೊಳ್ಳುವಾಗ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಉಗುರಿಗೆ ಕಚ್ಚಿದರೆ ಚೂಪಾಗಿದೆ, ಜಾರಿದರೆ ಅರದಿಂದ ಉಜ್ಜಬೇಕು.

ಕೊಕ್ಕೆಯನ್ನು ಎರೆಗೆ ಸಿಕ್ಕಿಸುವ ಜೋಡಿ ಸುತ್ತಿನ ಉಂಗುರವನ್ನೂ ಗಾಳದ ಅಂಗಡಿಯಲ್ಲೇ ಕೊಳ್ಳಬೇಕು. ಬೀಗದ ಕೈಗೊಂಚಲಿನ ಉಂಗುರ ನೋಡಲು ಹಾಗೆಯೇ ಇದ್ದರೂ ಮೀನು ಎಳೆದಾಗ ಬಿಚ್ಚಿಕೊಳ್ಳುತ್ತದೆ. ದಾರ 10ರಿಂದ 15 ಕಿಲೋ ತಡೆಯುವಂತಹದಿರಲಿ. ಜೊಂಡು ಇರುವ ನೀರಿನಲ್ಲಿ ಹೆಣೆದ ದಾರ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯಿಂದ 1 ಮಿ.ಮೀ. ದಪ್ಪದ ತುಕ್ಕು ಹಿಡಿಯದ ಉಕ್ಕಿನ ತಂತಿ, ಎರಡು ಕೊಳವೆಯ ಅಂಟು, ಸಣ್ಣ ಡಬ್ಬಿ ಎನಾಮಲ್ ಬಣ್ಣ ಮತ್ತು ವಾರ್ನಿಷ್ ತರಬೇಕು.

ಹೊಲದಲ್ಲಿ ಸಿಗುವುದು

ಎರೆಯ ಮೈಗೆ ಹಗುರ ಮರ ಬೇಕು. ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ಬೆಳೆಸುವ ಹಾಲವಾಣ, ಬದುವಿನ ಬೂರುಗ, ಈಗ ಅನೇಕರು ನೆಟ್ಟಿರುವ ಹೆಬ್ಬೇವು ಇವುಗಳ ಸವರಿದ ಕೊಂಬೆ ಸಾಕು. ಬದುವಿನಲ್ಲಿ ಕತ್ತಾಳೆ ಇದ್ದವರು ಇನ್ನೂ ಅದೃಷ್ಟವಂತರು. ಹೂ ಬಿಟ್ಟು ಒಣಗಿದ ಕತ್ತಾಳೆಯ ದಂಟಿನ ಒಳತಿರುಳು ಬೆಂಡಿನಷ್ಟೇ ಹಗುರ, ಚಾಕುವಿಗೆ ಬೆಣ್ಣೆಯಂತೆ ಬಗ್ಗುತ್ತದೆ. ಅದೇ ಗಿಡದ ನಾರು ಎರೆಯ ಬಾಲಕ್ಕಾಗುತ್ತದೆ. ಮದುವೆಯ ಬಾಸಿಂಗ ಮಾಡುವ ಬೆಂಡು ಮಾತ್ರ ಬೇಡ. ಅದು ತೇಲುವುದಕ್ಕೆ ಸರಿ, ಕಚ್ಚುವ ಹಲ್ಲಿಗೆ ತಡೆಯದು.

ಯಾವ ಮರವಾದರೂ ನೆರಳಿನಲ್ಲಿ ಎರಡು ತಿಂಗಳು ಒಣಗಿಸಬೇಕು. ಹಸಿ ಮರದ ಮೇಲೆ ಬಳಿದ ಬಣ್ಣ ಗುಳ್ಳೆ ಎದ್ದು ಉದುರುತ್ತದೆ.

ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರದ ತುಂಡುಗಳನ್ನು ಉಪಯೋಗಿಸಬಹುದೇ ಎಂದು ಕೇಳುವವರಿದ್ದಾರೆ. ಉಪಯೋಗಿಸಬಹುದು. ಅದು ನಯವಾದ ಮರ, ಚರಕಿಯ ಮೇಲೆ ಚೆನ್ನಾಗಿ ತಿರುಗುತ್ತದೆ. ಆದರೆ ಬೊಂಬೆಗೆ ಹಾಕುವ ಅರಗಿನ ಹೊಳಪು ನೀರಿನಲ್ಲಿ ಹೆಚ್ಚು ಹೊತ್ತು ಇದ್ದರೆ ಬೆಳ್ಳಗಾಗುತ್ತದೆ. ಮೇಲೆ ವಾರ್ನಿಷ್ ಕೊಡಲೇಬೇಕು.

ಗರಿಯ ವಿಷಯ. ನಾಟಿ ಹುಂಜದ ಅಥವಾ ಗಿರಿರಾಜ ಹುಂಜದ ಕತ್ತಿನ ಗರಿ ಬಾಲ ಕಟ್ಟಲು ಬಹಳ ಚೆನ್ನ. ಒಂದು ಕಾಲಕ್ಕೆ ನಮ್ಮ ಮಲೆನಾಡಿನ ಕಾಡುಕೋಳಿಯ ಕತ್ತಿನ ಗರಿಗೆ ವಿಲಾಯತಿಯ ಗಾಳಗಾರರಲ್ಲಿ ಭಾರಿ ಬೇಡಿಕೆಯಿತ್ತು. ಅದಕ್ಕಾಗಿ ಕಾಡಿನ ಹಕ್ಕಿಗಳು ಬಲಿಯಾದವು. ಇಂದು ಕಾಡುಕೋಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಯಾರಾದರೂ ಗರಿ ಕೇಳಿದರೆ ಕೊಡಬಾರದು. ಮೀನು ಗರಿಯ ಜಾತಿ ಕೇಳುವುದಿಲ್ಲ.

ಮನೆಯ ಗುಜರಿಯಲ್ಲಿ ಸಿಗುವುದು

ಹಳೆಯ ಹವಾಯಿ ಚಪ್ಪಲಿ ಕಪ್ಪೆಯ ಮೈಗೆ. ಸೈಕಲ್ಲಿನ ಹಳೆಯ ಟ್ಯೂಬು ಕಪ್ಪೆಯ ಕಾಲಿಗೆ. ಮಾತ್ರೆಯ ಪಟ್ಟಿಯ ಬೆಳ್ಳಿಹಾಳೆ ಮೀನಿನ ಹೊಳಪಿಗೆ. ಕೆಲಸಕ್ಕೆ ಬಾರದ ಸಿ.ಡಿ. ತಟ್ಟೆ ಮೀನಿನ ತುಟಿಗೆ. ಇದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್, 1.2 ಮಿ.ಮೀ. ದಪ್ಪವಿರುತ್ತದೆ. ಬಿಸಿನೀರಿನಲ್ಲಿ ಅದ್ದಿ ಕತ್ತರಿಸಿದರೆ ಸಿಡಿಯುವುದು ಕಡಿಮೆ.

ಇನ್ನು ತೂಕ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ನನಗೆ ಹನ್ನೆರಡು ವರ್ಷವಾಗಿದ್ದಾಗ ಲಾರಿಯ ಹಳೆಯ ಬ್ಯಾಟರಿ ಒಡೆದು ಅದರ ಸೀಸವನ್ನು ಡಬ್ಬಿಯಲ್ಲಿ ಕರಗಿಸಿ ಗಾಳದ ಗುಂಡು ಮಾಡಲು ಹೊರಟೆ. ಅಚ್ಚನ್ನು ಹಸಿ ಜೇಡಿಮಣ್ಣಿನಲ್ಲಿ ಮಾಡಿದ್ದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಹಸಿ ಅಚ್ಚಿಗೆ ಹೊಯ್ದ ಕೂಡಲೆ ಮಣ್ಣಿನ ನೀರು ಒಮ್ಮೆಲೆ ಆವಿಯಾಗಿ ಸೀಸವನ್ನು ಎತ್ತಿ ಎಸೆಯಿತು. ಈ ಎಡಗೈಯ ಮೇಲಿನ ಕಲೆ ಅದರದು. ಎದುರಿಗೆ ಕುಳಿತಿದ್ದ ತಂಗಿ ಅದೇ ಗಳಿಗೆಯಲ್ಲಿ ಅಮ್ಮ ಕರೆದಳೆಂದು ಎದ್ದು ಹೋಗಿದ್ದಳು. ಅವಳು ಕುಳಿತಿದ್ದ ಜಾಗದ ಗೋಡೆಯ ಮೇಲೆ, ಅವಳ ಮುಖದ ಎತ್ತರಕ್ಕೆ, ಸೀಸ ಅಂಟಿತ್ತು. ಅಮ್ಮ ಆ ಗೋಡೆಯನ್ನು ಬಹಳ ದಿನ ಸಾರಿಸಲಿಲ್ಲ.

ಸುಟ್ಟ ಗಾಯ ಕಣ್ಣಿಗೆ ಕಾಣುತ್ತದೆ, ಸೀಸದ ವಿಷ ಕಾಣುವುದಿಲ್ಲ. ಬ್ಯಾಟರಿಯ ಸೀಸದ ಪುಡಿ ಮತ್ತು ಹೊಗೆ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿಸುತ್ತವೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಿಟನ್ನಿನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ 1987ರಲ್ಲಿ ಅಂತಹ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು. ಆದ್ದರಿಂದ ಹಳೆಯ ಬ್ಯಾಟರಿಯನ್ನು ಒಡೆಯದೆ, ಕೊಂಡ ಅಂಗಡಿಗೇ ಹಿಂದಿರುಗಿಸಿರಿ. ಅಡಿಗೆಮನೆಯ ಒಲೆಯ ಮೇಲಂತೂ ಸೀಸ ಏರಲೇಕೂಡದು.

ಸೀಸಕ್ಕೆ ಬದಲಿ ಸೈಕಲ್ ರಿಪೇರಿ ಅಂಗಡಿಯಲ್ಲಿದೆ. ಹಿಂದಿನ ಚಕ್ರದ ಗುಂಬದಲ್ಲಿ ಹಾಕುವ ಕಾಲು ಅಂಗುಲದ ಉಕ್ಕಿನ ಗುಂಡು ಒಂದೊಂದೂ ಸುಮಾರು 1 ಗ್ರಾಂ ತೂಗುತ್ತದೆ. ತಕ್ಕಡಿಯೇ ಬೇಡ, ಎಣಿಸಿದರಾಯಿತು. ಸವೆದು ತೆಗೆದ ಗುಂಡುಗಳಾದರೂ ಸರಿಯೆ.

ಮರದ ಮೀನು ಮಾಡುವ ಕ್ರಮ

1. 8 ಸೆಂ.ಮೀ. ಉದ್ದ, 2 ಸೆಂ.ಮೀ. ಎತ್ತರ, 1.5 ಸೆಂ.ಮೀ. ದಪ್ಪದ ತುಂಡು ತೆಗೆದುಕೊಳ್ಳಿ. ಮೈ ದುಂಡಗೆ ಮಾಡುವ ಮೊದಲೇ ಹೊಟ್ಟೆಯ ನಡುವೆ ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಸೀಳು ಕೊಡಿ. ಆಮೇಲೆ ಕೊಟ್ಟರೆ ಅದು ಓರೆಯಾಗುತ್ತದೆ. ಮೂತಿಯ ಕೆಳಗೆ ತುಟಿಗೆಂದು ಓರೆಯಾಗಿ ಇನ್ನೊಂದು ಸೀಳು ಕೊಡಿ.

2. ಮೈಯನ್ನು ಚಾಕುವಿನಿಂದ ಮೀನಿನ ಆಕಾರಕ್ಕೆ ಕೆತ್ತಿ ಉಪ್ಪುಕಾಗದದಿಂದ ಉಜ್ಜಿ.

3. ಒಂದೇ ತಂತಿಯನ್ನು ಮೂತಿಯಿಂದ ಬಾಲದವರೆಗೆ ಹಾಯಿಸಿ, ಮೂತಿಯಲ್ಲಿ, ಹೊಟ್ಟೆಯಲ್ಲಿ, ಬಾಲದಲ್ಲಿ ಒಂದೊಂದು ಕಣ್ಣು ಬಿಡಿ. ಮರ ಸೀಳಿದರೂ ಮೀನು ತಂತಿಯಲ್ಲೇ ಉಳಿಯುತ್ತದೆ. ಮರಕ್ಕೆ ಸಣ್ಣ ತಿರುಪು ಮೊಳೆ ಹೊಡೆದು ಕೊಕ್ಕೆ ಸಿಕ್ಕಿಸಿದರೆ ಅದು ಕಿತ್ತು ಬರುತ್ತದೆ.

4. ಹೊಟ್ಟೆಯಲ್ಲಿ ತೂತು ಕೊರೆದು ಒಂದೆರಡು ಗುಂಡು ಇಟ್ಟು, ಕೊಕ್ಕೆಗಳನ್ನೂ ತೂಗುಹಾಕಿ, ಬಕೆಟ್ಟಿನ ನೀರಿನಲ್ಲಿ ಬಿಡಿ. ಬೆನ್ನು ಮೇಲಾಗಿ ನೆಟ್ಟಗೆ ತೇಲಬೇಕು. ವಾಲಿದರೆ ಇನ್ನೊಂದು ಗುಂಡು ಸೇರಿಸಿ. ಮುಳುಗಿದರೆ ಒಂದು ತೆಗೆಯಿರಿ. ಸರಿ ಕಂಡ ಮೇಲೆ ಮೈ ಒಣಗಿಸಿ, ಸೀಳು ತೂತುಗಳನ್ನು ಅಂಟಿನಿಂದ ಮುಚ್ಚಿ.

5. ತೆಳುವಾದ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ, ಬೆಳ್ಳಿಹಾಳೆ ಅಂಟಿಸಿ. ಬೆನ್ನಿಗೆ ಕಪ್ಪು ಅಥವಾ ಹಸಿರು, ಹೊಟ್ಟೆಗೆ ಬಿಳಿ ಬಣ್ಣ ಕೊಟ್ಟು ಮೇಲೆ ಎರಡು ಮೂರು ಸಲ ವಾರ್ನಿಷ್ ಬಳಿಯಿರಿ. ಕೊನೆಗೆ ಸಿ.ಡಿ. ತುಂಡಿನ ತುಟಿಯನ್ನು ಅಂಟಿನಿಂದ ಕೂರಿಸಿ.

ದಾರ ಕಟ್ಟಿ ತೊಟ್ಟಿಯಲ್ಲಿ ಎಳೆದು ನೋಡಿ. ನೀರು ತುಟಿಯನ್ನು ಒತ್ತಿದಾಗ ಮೀನು ಒಂದು ಪಕ್ಕಕ್ಕೆ ವಾಲುತ್ತದೆ, ಹೊಟ್ಟೆಯ ತೂಕ ಅದನ್ನು ನೆಟ್ಟಗೆ ಮಾಡುತ್ತದೆ. ಮತ್ತೆ ಮತ್ತೆ ಹೀಗಾಗುವುದೇ ಓಲಾಟ. ಎರೆ ಬಲಕ್ಕೇ ಓಡುತ್ತಿದ್ದರೆ ಮೂತಿಯ ತಂತಿಯ ಕಣ್ಣನ್ನು ಕೂದಲೆಳೆಯಷ್ಟು ಎಡಕ್ಕೆ ಬಗ್ಗಿಸಿ. ಎಡಕ್ಕೆ ಓಡಿದರೆ ಬಲಕ್ಕೆ.

ಚಪ್ಪಲಿಯ ಕಪ್ಪೆ

ಜೊಂಡು, ಅಂತರಗಂಗೆ ಇರುವ ಕಡೆ ಮರದ ಮೀನು ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕಪ್ಪೆಯೇ ಸರಿ. ಚಪ್ಪಲಿಯ ಅಟ್ಟೆಯಿಂದ 6 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ತುಂಡು ಕತ್ತರಿಸಿ ಮೂತಿ ಚೂಪು ಮಾಡಿ. ಎರಡು ಒಂಟಿ ಕೊಕ್ಕೆಗಳನ್ನು ತಂತಿಗೆ ಬಿಗಿದು, ಮೊನೆಗಳು ಮೇಲ್ಮುಖವಾಗಿ ಬೆನ್ನಿಗೆ ಒತ್ತಿಕೊಂಡಿರುವಂತೆ ಕೂರಿಸಿ. ಹೀಗಿದ್ದರೆ ಜೊಂಡು ಮೊನೆಗೆ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಚಪ್ಪಲಿ ಅದುಮಿ ಮೊನೆ ಹೊರಬರುತ್ತದೆ. ಹೊಟ್ಟೆಗೆ ಒಂದು ಸಣ್ಣ ನಟ್ಟು, ಹಿಂದೆ ಟ್ಯೂಬಿನ ಎರಡು ಪಟ್ಟಿ ಕಾಲು.

ಮುಂಜಾನೆ ಇಲ್ಲವೆ ಸಂಜೆ, ಜೊಂಡಿನ ಆಚೆಗೆ ಎಸೆದು ನಿಧಾನವಾಗಿ ಕುಪ್ಪಳಿಸುವಂತೆ ಎಳೆಯಬೇಕು, ನಡುನಡುವೆ ನಿಲ್ಲಿಸಬೇಕು. ಮೀನು ಬಡಿದ ತಕ್ಷಣ ಎಳೆಯಬಾರದು. ಒಂದು, ಎರಡು, ಮೂರು ಎಣಿಸಿ ಎಳೆಯಬೇಕು.

ಎಚ್ಚರಿಕೆಯ ಮಾತು

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಗಾಳ ಬೇಡ. ಮೊನೆ ತಗುಲಿ ಹಾಳೆಗೆ ತೂತಾದರೆ ಮೀನೂ ಹೋಯಿತು, ನೀರೂ ಹೋಯಿತು. ಅಲ್ಲಿ ಎತ್ತುಬಲೆಯೇ ಸರಿ. ಒಳಹರಿವಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟುವುದು ಅದಕ್ಕಿಂತ ಮೇಲು.

ಊರ ಕೆರೆಯಲ್ಲಾದರೆ ಮೀನು ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆಯಬೇಕು. ಕೆರೆ ಕೊರವದ ಮನೆ, ಅಲ್ಲಿ ಅದು ಶತ್ರುವಲ್ಲ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿದೆ ಎಂದು ತಿಳಿದು ಗಾಳ ಹಾಕದೆ ಬಿಡಬೇಕು. ಶೃಂಗೇರಿ, ಶಿಶಿಲದಂತಹ ದೇವರ ಮೀನಿನ ಮಡುಗಳ ಬಳಿಗೆ, ವನ್ಯಧಾಮದೊಳಗಿನ ನದಿಗಳಿಗೆ ಗಾಳ ಒಯ್ಯುವಂತೆಯೇ ಇಲ್ಲ.

ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಕೈಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ. ದಾರ ಸಡಿಲ ಬಿಡದೆ ಎಳೆದರೆ ಮೀನೇನೂ ತಪ್ಪಿಸಿಕೊಳ್ಳುವುದಿಲ್ಲ. ತುಂಡಾದ ದಾರವನ್ನು ದಡದಲ್ಲಿ ಬಿಡಬೇಡಿ. ಅದು ಕೊಕ್ಕರೆಯ ಕಾಲಿಗೆ, ಮೇಯುವ ಕುರಿಯ ಗೊರಸಿಗೆ ಸುತ್ತಿಕೊಳ್ಳುತ್ತದೆ.

ಬಂಧುಗಳೆ, ಒಂದು ಹುಸಿ ಎರೆ ಮಾಡಲು ಎರಡು ಸಂಜೆ ಹಿಡಿಯುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಕೆತ್ತುವುದನ್ನು ಅವರೂ ಕಲಿಯಲಿ. ನಿಮ್ಮ ಗೆಂಡೆ ಮರಿ ಉಳಿಯಲಿ, ಗದ್ದೆಯಲ್ಲಿ ಕಪ್ಪೆ ಕೂಗಲಿ, ದನ ಕುಡಿಯುವ ನೀರು ಶುದ್ಧವಾಗಿರಲಿ. ಕೆತ್ತಿದ ಮೊದಲ ಮೀನು ನೆಟ್ಟಗೆ ಈಜದಿದ್ದರೆ ಬೇಸರ ಬೇಡ. ನನ್ನದೂ ಈಜಲಿಲ್ಲ. ಐದನೆಯದು ಈಜಿತು.